ಹಂದರ ಹಾಕುವ ಮೊದಲೇ ಹೇಳಿ

ತಂಗಿಯರೇ, ತಮ್ಮಂದಿರೇ, ಈ ವಾರ ಬಿಡುವು ಮಾಡಿಕೊಂಡು ಒಂದು ಕೆಲಸ ಮಾಡಿ. ನೀವು ಒಂದನೇ ತರಗತಿಗೆ ಸೇರಿದ ಶಾಲೆಗೆ ಹೋಗಿ, ದಾಖಲಾತಿ ರಿಜಿಸ್ಟರಿನಲ್ಲಿ ನಿಮ್ಮ ಹೆಸರಿನ ಮುಂದೆ ಯಾವ ಹುಟ್ಟಿದ ತಾರೀಕು ಇದೆ ಎಂದು ಹೆಡ್‌ಮಾಸ್ತರರನ್ನು ಕೇಳಿ ನೋಡಿಕೊಂಡು ಬನ್ನಿ. ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ.

ನಮ್ಮ ದೇವದುರ್ಗ ತಾಲೂಕಿನಲ್ಲಿ ನಿಮ್ಮ ಅಪ್ಪ-ಅವ್ವಂದಿರ ವಾರಗೆಯವರು ಎಷ್ಟೋ ಜನ ಜೂನ್ 1ರಂದೇ ಹುಟ್ಟಿದವರು. ಅಂದರೆ, ಕಾಗದದ ಮೇಲೆ. ಶಾಲೆ ಬಾಗಿಲು ತೆರೆಯುವ ದಿನಗಳಲ್ಲಿ ತಾಯಿ ಮಗುವಿನ ಕೈಹಿಡಿದು ಬರುತ್ತಿದ್ದಳು. ಯಾವಾಗ ಹುಟ್ಟಿತು ಎಂದರೆ, "ಬರಗಾಲ ಬಿದ್ದಿತ್ತಲ್ರಿ, ಅದರ ಮುಂದಿನ ವರ್ಷ" ಎನ್ನುತ್ತಿದ್ದಳು. ಮಾಸ್ತರರು ಮಗುವಿನ ಎತ್ತರ ನೋಡಿ, ಒಂದು ಇಸವಿ ಹಿಡಿದು, ಅದರ ಮುಂದೆ 1-6 ಎಂದು ಬರೆಯುತ್ತಿದ್ದರು. ನಿಮ್ಮ ಕಾಲ ಹಾಗಲ್ಲ. ಹೆಚ್ಚಿನವರು ಆಸ್ಪತ್ರೆಯಲ್ಲಿ ಹುಟ್ಟಿದವರು, ತಾಯಿ ಕಾರ್ಡಿನಲ್ಲಿ ದಿನ-ಹೊತ್ತು ಸಮೇತ ದಾಖಲಾದವರು. ಆ ತಾರೀಕು ನಿಮ್ಮ ಆಸ್ತಿ. ಹೊಲದ ಪಹಣಿಯಷ್ಟೇ ಜೋಪಾನವಾಗಿ ಅದನ್ನು ಕಾಯ್ದುಕೊಳ್ಳಿ.

ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ ಎಂದರೆ, ಬಾಲ್ಯವಿವಾಹ ತಡೆಯಲು ಅಧಿಕಾರಿಗಳು ಬಂದಾಗ ಮನೆಯ ಹಿರಿಯರು ಮೊದಲು ತೋರಿಸುವುದು ಆಧಾರ್ ಕಾರ್ಡು. ಅದರಲ್ಲಿ ಎರಡು ವರ್ಷ ಹೆಚ್ಚು ಬರೆಸಿರಬಹುದು, ನಡುವೆ ತಿದ್ದಿಸಿರಬಹುದು. 2015ರ ಬಾಲನ್ಯಾಯ ಕಾಯ್ದೆಯ 94ನೇ ಕಲಮಿನ ಲೆಕ್ಕವೇ ಬೇರೆ. ಅಲ್ಲಿ ಮೊದಲ ಸಾಲಿಗೆ ಬರುವುದು ಶಾಲೆಯ ಜನ್ಮದಿನಾಂಕದ ಪ್ರಮಾಣಪತ್ರ ಅಥವಾ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಂಥದ್ದು. ಅದಿಲ್ಲದಿದ್ದರೆ ಪಂಚಾಯಿತಿ, ಪುರಸಭೆ ಕೊಟ್ಟ ಜನನ ಪ್ರಮಾಣಪತ್ರ. ಎರಡೂ ಇಲ್ಲದಿದ್ದರೆ ಮಾತ್ರ ವೈದ್ಯರ ಎಲುಬಿನ ಪರೀಕ್ಷೆ. ಆ ಸಾಲಿನಲ್ಲಿ ಆಧಾರಿಗೆ ಜಾಗವಿಲ್ಲ. ಹದಿನಾರು ವರ್ಷದ ಹುಡುಗಿಯೊಬ್ಬಳು ನಾಲ್ಕು ಜನ ದೊಡ್ಡವರ ನಡುವೆ ನಿಂತು, "ನನ್ನ ಸಾಲಿ ದಾಖಲೆ ತರಿಸಿ ನೋಡ್ರಿ" ಎಂದು ಹೇಳಬಲ್ಲಳಾದರೆ ಅರ್ಧ ಗೆದ್ದ ಹಾಗೆ.

ಕಾನೂನು ನಮ್ಮ ಕಡೆಗೆ ತಡವಾಗಿ ಬಂತು. ಮೈಸೂರು ಸಂಸ್ಥಾನದಲ್ಲಿ 1894ರಲ್ಲೇ ಎಂಟು ವರ್ಷದೊಳಗಿನ ಹೆಣ್ಣುಮಕ್ಕಳ ಮದುವೆ ನಿಷೇಧವಾಗಿತ್ತು. ಬ್ರಿಟಿಷ್ ಇಂಡಿಯಾಕ್ಕೆ 1929ರಲ್ಲಿ ಶಾರದಾ ಕಾಯ್ದೆ ಬಂದು, ಹೆಣ್ಣಿಗೆ 14, ಗಂಡಿಗೆ 18 ಎಂದು ನಿಗದಿಯಾಯಿತು. ನಮ್ಮ ರಾಯಚೂರು ಆಗ ನಿಜಾಮನ ಆಳ್ವಿಕೆಯಲ್ಲಿತ್ತು. ಬ್ರಿಟಿಷ್ ಇಂಡಿಯಾದ ಆ ಕಾಯ್ದೆ ನಮಗೆ ಅನ್ವಯಿಸಲಿಲ್ಲ. 1948ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರುವ ಮೊದಲು ಹಸೆಮಣೆ ಏರಿದ ಅಜ್ಜಿಯರನ್ನು ನಾನು ಕಂಡಿದ್ದೇನೆ. ಮದುವೆಯ ದಿನ ನೆನಪಿದೆಯೇ ಎಂದರೆ, ಮಾವನ ಹೆಗಲ ಮೇಲೆ ನಿದ್ದೆ ಹೋಗಿದ್ದು ಮಾತ್ರ ನೆನಪು ಎನ್ನುತ್ತಿದ್ದರು.

ತಡವಾಗಿ ಬಂದರೂ ಕೊನೆಗೆ ಗಟ್ಟಿಯಾದ ಕಾನೂನು ಬಂತು, ಮತ್ತು ಅದರ ಹಿಂದೆ ನಮ್ಮದೇ ಜಿಲ್ಲೆಯ ಮಲದಕಲ್ಲಿನಲ್ಲಿ ಹುಟ್ಟಿ ಸುಪ್ರೀಂ ಕೋರ್ಟಿನವರೆಗೆ ಹೋದ ನ್ಯಾಯಮೂರ್ತಿ ಶಿವರಾಜ ಪಾಟೀಲರ ದುಡಿಮೆ ಇದೆ ಎಂಬುದು ನನಗೆ ಹೆಮ್ಮೆಯ ಮಾತು. ಬಾಲ್ಯವಿವಾಹ ತಡೆಗೆ ರಾಜ್ಯ ಸರ್ಕಾರ ನೇಮಿಸಿದ ಸಮಿತಿಗೆ ಅವರೇ ಅಧ್ಯಕ್ಷರು. 2011ರಲ್ಲಿ ವರದಿ ಕೊಟ್ಟರು. 2006ರ ಕೇಂದ್ರ ಕಾಯ್ದೆಯ ಪ್ರಕಾರ ಬಾಲ್ಯವಿವಾಹ ತಾನಾಗಿ ರದ್ದಾಗುವುದಿಲ್ಲ. ಆ ಹುಡುಗಿಯೋ ಹುಡುಗನೋ ಕೋರ್ಟಿಗೆ ಹೋಗಿ ರದ್ದು ಮಾಡಿಸಿಕೊಳ್ಳಬೇಕು. ಗಂಡನ ಮನೆಯಲ್ಲಿ ಕೂತ ಹದಿನೇಳರ ಹುಡುಗಿ ವಕೀಲರನ್ನು ಎಲ್ಲಿ ಹುಡುಕಿಯಾಳು? ಕರ್ನಾಟಕ ಅದಕ್ಕೆ ತಿದ್ದುಪಡಿ ತಂದಿತು. 2017ರಿಂದ ನಮ್ಮ ರಾಜ್ಯದಲ್ಲಿ ಬಾಲ್ಯವಿವಾಹ ನಡೆದ ಕ್ಷಣದಿಂದಲೇ ಅಸಿಂಧು. ಅದೇ ವರ್ಷದ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು, ಬೇರೆ ರಾಜ್ಯಗಳೂ ಕರ್ನಾಟಕದ ದಾರಿ ಹಿಡಿಯುವುದು ಒಳ್ಳೆಯದು ಎಂದಿತು. ಹದಿನೆಂಟು ತುಂಬದ ಹೆಂಡತಿಯ ಜೊತೆಗಿನ ದೇಹಸಂಬಂಧವೂ ಅತ್ಯಾಚಾರವೇ ಎಂದು ಸಾರಿದ್ದೂ ಅದೇ ತೀರ್ಪು.

ಇಷ್ಟಿದ್ದೂ, 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 20ರಿಂದ 24 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಶೇ. 21.3ರಷ್ಟು ಜನ ಹದಿನೆಂಟರೊಳಗೇ ಮದುವೆಯಾದವರು. ಐವರಲ್ಲಿ ಒಬ್ಬಳು.

ಅಪ್ಪ-ಅವ್ವ ಮಕ್ಕಳ ವೈರಿಗಳಲ್ಲ. ಕಾಲುವೆ ನೀರು ಬಾರದ ಹೊಲದವರು ಸುಗ್ಗಿ ಮುಗಿದ ಮೇಲೆ ಗುಳೆ ಹೋಗಬೇಕು. ಬೆಂಗಳೂರಿನ ಕಟ್ಟಡದ ಶೆಡ್ಡಿಗೆ ಬೆಳೆದ ಮಗಳನ್ನು ಕರೆದುಕೊಂಡು ಹೋಗಲು ಭಯ, ಊರಲ್ಲಿ ಅಜ್ಜಿಯ ಹತ್ತಿರ ಬಿಡಲೂ ಭಯ. ಅಕ್ಕನ ಮದುವೆ ಗೊತ್ತಾದರೆ, ಒಂದೇ ಹಂದರದಲ್ಲಿ ತಂಗಿಯದೂ ಮುಗಿದರೆ ಒಂದು ಖರ್ಚು ಉಳಿಯಿತು ಎಂಬ ಲೆಕ್ಕ. ಆ ಕಷ್ಟ ಸುಳ್ಳಲ್ಲ, ಆದರೆ ಅದಕ್ಕೆ ಮಗಳನ್ನು ತೆರಬಾರದು. ಹೆತ್ತವರಿಗೆ ಕಸ್ತೂರ್ಬಾ ವಸತಿ ಶಾಲೆ, ಹಾಸ್ಟೆಲ್‌ಗಳ ದಾರಿ ತೋರಿಸಿ. ಭಾಗ್ಯಲಕ್ಷ್ಮಿ ಬಾಂಡ್ ಇದ್ದರೆ ಹೊರಗೆ ತೆಗೆದು ಓದಿ ಹೇಳಿ. ಹದಿನೆಂಟರೊಳಗೆ ಮದುವೆಯಾದರೆ ಆ ಹಣ ಇಲ್ಲ. ಉಪದೇಶಕ್ಕಿಂತ ಈ ಮಾತು ಕೆಲವರಿಗೆ ಬೇಗ ತಲುಪುತ್ತದೆ.

ಮಾತಿಗೆ ಬಗ್ಗದಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ಹಗಲು-ರಾತ್ರಿ ಯಾವಾಗಲೂ, ದುಡ್ಡಿಲ್ಲದೆ ಹೋಗುವ ಕರೆ. ನಿಮ್ಮ ಹೆಸರು ಹೇಳಲೇಬೇಕೆಂದಿಲ್ಲ. ಪಂಚಾಯಿತಿಯ ಪಿಡಿಒ ಕೂಡ ಬಾಲ್ಯವಿವಾಹ ನಿಷೇಧಾಧಿಕಾರಿಯೇ. ದೇವದುರ್ಗದ ಸಿಡಿಪಿಒ ಕಚೇರಿ ಇದೆ, ನಮ್ಮೂರಿನದೇ ಠಾಣೆ ಇದೆ. ಆದರೆ ಹೇಳುವುದಾದರೆ ನಿಶ್ಚಯದ ಸುದ್ದಿ ಕಿವಿಗೆ ಬಿದ್ದ ದಿನವೇ ಹೇಳಿ. ಅಕ್ಕಿಕಾಳು ಬೀಳುವ ಹೊತ್ತಿಗೆ ಪೊಲೀಸ್ ಜೀಪು ಬಂದರೆ ಎರಡು ಮನೆಗಳ ಸಾಲ, ಸಿಟ್ಟು, ಅವಮಾನ ಎಲ್ಲ ಆ ಹುಡುಗಿಯ ತಲೆಗೇ ಬರುತ್ತದೆ. ಹಂದರ ಹಾಕುವ ಮೊದಲು ಬಂದರೆ ಅಷ್ಟು ನೋವಿಲ್ಲದೆ ನಿಲ್ಲುತ್ತದೆ.

ಇಲ್ಲಿ ಇನ್ನೊಂದು ತಿಳಿದಿರಲಿ. ಅಧಿಕಾರಿಗಳು ಬರುತ್ತಾರೆ, ಹೆತ್ತವರಿಂದ ಮುಚ್ಚಳಿಕೆ ಬರೆಸಿಕೊಳ್ಳುತ್ತಾರೆ, ಹೋಗುತ್ತಾರೆ. ವಾರದ ಮೇಲೆ ಹುಡುಗಿಯನ್ನು ತಿಂಥಣಿ ಬ್ರಿಜ್ ದಾಟಿಸಿಯೋ, ಗಡಿಯಾಚೆ ತೆಲಂಗಾಣದ ನೆಂಟರ ಊರಿಗೆ ಒಯ್ದೋ, ಗುಡಿಯಲ್ಲಿ ರಾತ್ರೋರಾತ್ರಿ ತಾಳಿ ಕಟ್ಟಿಸುವುದುಂಟು. ಹಾಗಾಗಿ ಮುಚ್ಚಳಿಕೆಗೆ ಸಮಾಧಾನಪಡಬೇಡಿ. 2006ರ ಬಾಲ್ಯವಿವಾಹ ಕಾಯ್ದೆಯ 13ನೇ ಕಲಮಿನಡಿ ಮ್ಯಾಜಿಸ್ಟ್ರೇಟರಿಂದ ತಡೆಯಾಜ್ಞೆ ತನ್ನಿ ಎಂದು ಅಧಿಕಾರಿಗಳನ್ನು ಕೇಳಿ. ಆ ಆಜ್ಞೆ ಮೀರಿ ಕಟ್ಟಿದ ತಾಳಿಗೆ ಕಾನೂನಿನ ಬೆಲೆ ಇಲ್ಲ. ಶಾಲೆಯಲ್ಲಿ ಆ ಹುಡುಗಿಯ ಹಾಜರಿ ಎರಡು ದಿನ ತಪ್ಪಿದರೂ ಮೇಷ್ಟ್ರಿಗೆ ನೆನಪಿಸಿ.

ತಮ್ಮಂದಿರೇ, ನಿಮಗೂ ಒಂದು ಮಾತು. ಈ ಕಾಯ್ದೆಯ ಲೆಕ್ಕದಲ್ಲಿ ಇಪ್ಪತ್ತೊಂದು ತುಂಬುವವರೆಗೆ ನೀವೂ ಮಕ್ಕಳೇ. ಗೆಳೆಯನ ಮದುವೆ ಎಂದು ಹೋಗಿ ಬಡಿಸಲು ನಿಂತರೆ, ಹೆಣ್ಣು ಚಿಕ್ಕವಳೆಂದು ಗೊತ್ತಿದ್ದೂ ನಿಂತರೆ, ಭಾಗವಹಿಸಿದ್ದೂ ಅಪರಾಧದ ಲೆಕ್ಕಕ್ಕೆ ಬರಬಹುದು. ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ. ಇನ್ನು ಪ್ರೀತಿಯ ವಿಷಯ. ಹದಿನಾರರ ಹುಡುಗಿ ತಾನಾಗಿಯೇ ನಿನ್ನ ಜೊತೆ ಬಂದಳು ಎಂದರೂ ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಯುವ ಪೋಕ್ಸೋ ಕಾಯ್ದೆ ಅವಳ ಒಪ್ಪಿಗೆಯನ್ನು ಒಪ್ಪಿಗೆ ಎಂದು ಎಣಿಸುವುದಿಲ್ಲ. ಹತ್ತೊಂಬತ್ತಕ್ಕೇ ಜೈಲು ಸೇರಿದ ಮಕ್ಕಳ ತಾಯಂದಿರು ಕೋರ್ಟಿನ ಜಗುಲಿಯಲ್ಲಿ ಬುತ್ತಿ ಹಿಡಿದು ಕೂತಿರುವುದನ್ನು ನೋಡಲಾಗುವುದಿಲ್ಲ. ನಿಜವಾದ ಪ್ರೀತಿಯಾದರೆ ಅವಳ ಓದು ಮುಗಿಯುವವರೆಗೆ ಕಾಯಿ. ಮೊಬೈಲಿನಲ್ಲಿ ಅವಳ ಪಟ ಹಿಡಿದು ಇನ್ನೊಬ್ಬರಿಗೆ ಕಳಿಸುವವನು ನಿಮ್ಮ ಗುಂಪಿನಲ್ಲಿದ್ದರೆ ಅವನ ಕೈ ಹಿಡಿದು ತಡೆಯಿರಿ.

ಈಗ ಹೇಳಲು ಕಷ್ಟವಾದ ಮಾತು. ಮೈಮೇಲೆ ಕೈಹಾಕುವವರು ಬಹಳ ಸಲ ಗುರುತಿನವರೇ ಆಗಿರುತ್ತಾರೆ. ಮನೆಗೆ ಬಂದು ಚಹಾ ಕುಡಿದು ಹೋಗುವವರು, ಅಣ್ಣ, ಕಾಕಾ ಎಂದು ನೀವು ಕರೆಯುವವರು. ಮಗು ಬಂದು ಹೇಳಿದರೆ, "ಸುಮ್ನಿರು, ನಾಲ್ಕು ಮಂದಿಗೆ ಗೊತ್ತಾದ್ರ ಮರ್ಯಾದಿ ಹೋಗ್ತದ" ಎಂದು ಬಾಯಿ ಮುಚ್ಚಿಸುತ್ತಾರೆ. ಮರ್ಯಾದೆ ಹೋಗಬೇಕಾದದ್ದು ಮಾಡಿದವನದು. ಗಂಡುಮಕ್ಕಳಿಗೂ ಇದು ಆಗುತ್ತದೆ, ಅವರಿಗೂ ಇದೇ ಕಾನೂನು. ಅವ್ವ ಕೇಳದಿದ್ದರೆ ಅಜ್ಜಿಗೆ ಹೇಳಿ, ಅಜ್ಜಿ ಕೇಳದಿದ್ದರೆ ಟೀಚರಿಗೆ ಹೇಳಿ, ಆಶಾ ಕಾರ್ಯಕರ್ತೆಗೆ ಹೇಳಿ. ನಂಬುವವರು ಸಿಗುವ ತನಕ ಹೇಳುತ್ತಲೇ ಇರಿ. ವಿಷಯ ಗೊತ್ತಾದ ದೊಡ್ಡವರು ದೂರು ಕೊಡದೆ ಸುಮ್ಮನಿರುವುದೇ 2012ರ ಪೋಕ್ಸೋ ಕಾಯ್ದೆಯಲ್ಲಿ ಅಪರಾಧ.

ಠಾಣೆಯ ಭಯ ನನಗೆ ಅರ್ಥವಾಗುತ್ತದೆ. ಆದರೆ ಕಾಯ್ದೆ ಏನು ಹೇಳುತ್ತದೆ ಕೇಳಿ. ಮಗುವಿನ ಹೇಳಿಕೆಯನ್ನು ಅದರ ಮನೆಯಲ್ಲಿ ಅಥವಾ ಅದು ಬಯಸಿದ ಜಾಗದಲ್ಲಿ ಬರೆದುಕೊಳ್ಳಬೇಕು. ಸಾಧ್ಯವಾದಷ್ಟೂ ಮಹಿಳಾ ಸಬ್ ಇನ್‌ಸ್ಪೆಕ್ಟರೇ ಬರಬೇಕು, ಖಾಕಿ ಹಾಕಿಕೊಂಡಿರಬಾರದು. ರಾತ್ರಿ ಹೊತ್ತು ಮಗುವನ್ನು ಯಾವ ಕಾರಣಕ್ಕೂ ಠಾಣೆಯಲ್ಲಿ ಇರಿಸಿಕೊಳ್ಳುವಂತಿಲ್ಲ. ಹುಡುಗಿಯನ್ನು ತಪಾಸಣೆ ಮಾಡುವುದು ಮಹಿಳಾ ವೈದ್ಯರು. ಸಾಕ್ಷಿ ಹೇಳುವಾಗ ಆರೋಪಿ ಅವಳ ಕಣ್ಣಿಗೆ ಬೀಳಬಾರದು. ಅವಳ ಹೆಸರು, ಶಾಲೆ, ಊರು ಯಾವುದನ್ನೂ ಪತ್ರಿಕೆಯಲ್ಲಿ ಹಾಕುವಂತಿಲ್ಲ, ವಾಟ್ಸ್‌ಆ್ಯಪಿನಲ್ಲಿ ಹರಿಬಿಡುವಂತಿಲ್ಲ. ಇವುಗಳಲ್ಲಿ ಒಂದು ತಪ್ಪಿದರೂ ಜೊತೆಗೆ ಹೋದ ದೊಡ್ಡವರು ಅಲ್ಲೇ ನಿಂತು ಕೇಳಬೇಕು.

ಹತ್ತಿ ಬಿಡಿಸಲು, ಮೆಣಸಿನಕಾಯಿ ಬಿಡಿಸಲು ಬೆಳಿಗ್ಗೆ ಟಂಟಂ ಹತ್ತುವ ಮಕ್ಕಳ ವಿಷಯ ಬೇರೆ ಬರೆಯುವಷ್ಟಿದೆ. ಸದ್ಯಕ್ಕೆ ಇಷ್ಟು: ಶಾಲೆ ಬಿಟ್ಟ ಮೇಲೆ ಸ್ವಂತ ಹೊಲದಲ್ಲಿ ಅವ್ವನಿಗೆ ಕೈಜೋಡಿಸುವುದಕ್ಕೆ ಅಡ್ಡಿಯಿಲ್ಲ. ಹದಿನಾಲ್ಕರೊಳಗಿನ ಮಗುವನ್ನು ಇನ್ನೊಬ್ಬರ ಹೊಲಕ್ಕೆ ಕೂಲಿಗೆ ಕಳಿಸುವುದು ತಪ್ಪು. ವರ್ಷಕ್ಕೊಮ್ಮೆ ಪಂಚಾಯಿತಿಯಲ್ಲಿ ಮಕ್ಕಳ ಗ್ರಾಮಸಭೆ ನಡೆಯಬೇಕು. ಆ ದಿನ ಬರೀ ಹಾಡು, ಭಾಷಣ, ಬಿಸ್ಕತ್ತಿಗೆ ಎದ್ದು ಬರಬೇಡಿ. ಹೋದ ವರ್ಷ ಶಾಲೆ ಬಿಟ್ಟವರು ಯಾರು, ಯಾಕೆ ಬಿಟ್ಟರು ಎಂದು ಕೇಳಿ. ಕೊಟ್ಟ ಉತ್ತರವನ್ನು ನಡಾವಳಿಯಲ್ಲಿ ಬರೆಸಿ.

ಮದುವೆ ಆಗಿಯೇ ಹೋಗಿದ್ದರೆ ಎಂದು ಮನಸ್ಸಿನಲ್ಲೇ ಕೇಳಿಕೊಂಡ ತಂಗಿ, ನಿನಗೂ ಹೇಳುತ್ತೇನೆ. ನಿನ್ನ ಮೇಲೆ ಯಾವ ತಪ್ಪೂ ಇಲ್ಲ, ಕಾನೂನು ನಿನ್ನನ್ನು ಶಿಕ್ಷಿಸುವುದಿಲ್ಲ. ಜೀವನಾಂಶ ಕೇಳುವ ಹಕ್ಕು ನಿನಗಿದೆ. ಮಗುವಾಗಿದ್ದರೆ, ಮದುವೆ ಅಸಿಂಧುವಾದರೂ ಆ ಮಗು ಕಾನೂನಿನ ಕಣ್ಣಲ್ಲಿ ಸಕ್ರಮ ಸಂತಾನವೇ. ಇರಲು ಜಾಗವಿಲ್ಲದಿದ್ದರೆ ರಾಯಚೂರಿನ ಮಕ್ಕಳ ಕಲ್ಯಾಣ ಸಮಿತಿ ನಿನ್ನ ವಸತಿಗೆ ವ್ಯವಸ್ಥೆ ಮಾಡಬೇಕು. ಕೊರಳಲ್ಲಿ ತಾಳಿ ಇದೆ ಎಂಬುದು ಶಾಲೆಗೆ ಸೇರಿಸಿಕೊಳ್ಳದಿರಲು ಕಾರಣವಾಗದು. ಯಾರಾದರೂ ಆಗುವುದಿಲ್ಲ ಎಂದರೆ, ಆ ಕಾರಣವನ್ನು ಕಾಗದದ ಮೇಲೆ ಬರೆದು ಸಹಿ ಹಾಕಿ ಕೊಡಿ ಎಂದು ಕೇಳು. ಕೊಡದಿದ್ದರೆ ಆ ದಿನವೇ ಬಿಇಒ ಕಚೇರಿಗೆ ಅರ್ಜಿ ಬರೆ.