ಎಣ್ಣೆ ಪಾಲಾದ ಕಜ್ಜಾಯ

ನಾಳೆ ದೀಪಾವಳಿ. ಗೌರಮ್ಮ ಕೂಲಿ ಮುಗಿಸಿ ಬಂದಾಗ ಹೊತ್ತು ಮುಳುಗಿತ್ತು. ಪ್ರತಿ ವರ್ಷ ಅತ್ತೆ ಕಜ್ಜಾಯ ಮಾಡುತ್ತಿದ್ದರು. ಈ ಸಲ ಅವರಿಗೆ ಮಂಡಿ ನೋವು.

"ಅಕ್ಕಿ ನೆನೆ ಹಾಕಿಲ್ಲ. ಈ ಹಬ್ಬಕ್ಕೆ ಕಜ್ಜಾಯ ಬೇಡ ಬಿಡವ್ವ" ಎಂದರು ಅತ್ತೆ.

"ಮಕ್ಳು ಆಸೆ ಪಟ್ಟವೆ ಅತ್ತೆ. ಅಂಗಡೀಲಿ ಅಕ್ಕಿ ಹಿಟ್ಟು ಸಿಗ್ತದೆ. ಅದ್ರಲ್ಲೇ ಮಾಡಿ ನೋಡ್ತೀನಿ" ಎಂದಳು ಗೌರಮ್ಮ.

ಅವಳು ಬೆಲ್ಲ ಕರಗಿಸಿದಳು. ಪಾಕ ಬರುವ ತನಕ ಕಾಯಲಿಲ್ಲ. ನೀರು ನೀರಾದ ಬೆಲ್ಲಕ್ಕೇ ಹಿಟ್ಟು ಸುರಿದಳು. ಹಿಟ್ಟು ಕೈಗೆ ಅಂಟಿತು. ಬಾಣಲೆ ತುಂಬ ಎಣ್ಣೆ ಹಾಕಿದಳು. ಉರಿ ಜೋರು ಮಾಡಿದಳು.

ಮೊದಲ ಕಜ್ಜಾಯ ಎಣ್ಣೆಗೆ ಬಿತ್ತು. ಒಡೆದು ಚೂರು ಚೂರಾಯಿತು. ಎರಡನೆಯದೂ ಹಾಗೇ. ಗೌರಮ್ಮನಿಗೆ ಅಳು ಬಂತು. ಉಳಿದ ಹಿಟ್ಟಿನಲ್ಲಿ ನಾಲ್ಕು ತಟ್ಟಿ ಒಟ್ಟಿಗೆ ಬಿಟ್ಟಳು. ಎಣ್ಣೆ ಬುಸ್ಸೆಂದು ನೊರೆ ಎದ್ದಿತು. ಉಕ್ಕಿ ಒಲೆಯ ಮೇಲೆ ಚೆಲ್ಲಿತು. ಬಾಣಲೆಗೆ ಬೆಂಕಿ ಹತ್ತಿತು.

"ಅಯ್ಯೋ ಬೆಂಕಿ!" ಅತ್ತೆ ನೀರಿನ ಚೆಂಬು ಎತ್ತಿದರು.

"ನೀರು ಬೇಡ ಅಜ್ಜಿ! ತಟ್ಟೆ ಮುಚ್ಚಿ!" ಮಗಳು ಕೂಗಿದಳು. ಶಾಲೆಯಲ್ಲಿ ಟೀಚರ್ ಹೇಳಿದ್ದು ಅವಳಿಗೆ ನೆನಪಿತ್ತು.

ಗೌರಮ್ಮ ಗ್ಯಾಸ್ ಆರಿಸಿದಳು. ದೊಡ್ಡ ಸ್ಟೀಲ್ ತಟ್ಟೆಯನ್ನು ಬದಿಯಿಂದ ಜಾರಿಸಿ ಬಾಣಲೆ ಮುಚ್ಚಿದಳು. ಬೆಂಕಿ ಆರಿತು. ಆದರೆ ಅವಳ ಎಡಗೈಗೆ ಎಣ್ಣೆ ಸಿಡಿದಿತ್ತು.

"ಇಂಕು ಹಚ್ಚವ್ವ" ಎಂದರು ಅತ್ತೆ. ಅಷ್ಟರಲ್ಲಿ ಪಕ್ಕದ ಮನೆಯ ಆಶಾ ಕಾರ್ಯಕರ್ತೆ ಓಡಿ ಬಂದರು. "ಏನೂ ಹಚ್ಬೇಡಿ. ಮೊದ್ಲು ಬಳೆ ತೆಗೀರಿ. ನಲ್ಲಿ ಕೆಳಗೆ ಕೈ ಹಿಡೀರಿ" ಎಂದರು. 20 ನಿಮಿಷ ಹಾಗೇ ಹಿಡಿಸಿದರು. ಆಮೇಲೆ ಆಸ್ಪತ್ರೆಗೆ ಕರೆದುಕೊಂಡು ಹೋದರು.

ನೀರು ಏಕೆ ಬೇಡ?

ನೀರು ಎಣ್ಣೆಗಿಂತ ಭಾರ. ಉರಿಯುವ ಎಣ್ಣೆಗೆ ನೀರು ಹಾಕಿದರೆ ಅದು ತಳಕ್ಕೆ ಇಳಿಯುತ್ತದೆ. ಆ ಕ್ಷಣವೇ ಆವಿಯಾಗುತ್ತದೆ. ಒಂದು ಲೋಟ ನೀರು ಆವಿಯಾದರೆ ಸಾವಿರ ಲೋಟಕ್ಕೂ ಹೆಚ್ಚು ಜಾಗ ಬೇಕು. ಆ ಆವಿ ಉರಿಯುವ ಎಣ್ಣೆಯನ್ನು ಮೇಲಕ್ಕೆ ಚಿಮ್ಮಿಸುತ್ತದೆ. ಸೀರೆಗೆ, ಸೂರಿಗೆ ಬೆಂಕಿ ಹತ್ತುತ್ತದೆ. ತಟ್ಟೆ ಮುಚ್ಚಿದರೆ ಬೆಂಕಿಗೆ ಗಾಳಿ ಸಿಗದು. ಗಾಳಿ ಇಲ್ಲದೆ ಬೆಂಕಿ ಬದುಕದು.

ನೆನಪಿಡಿ

* ಬಾಣಲೆಯ ಅರ್ಧಕ್ಕಿಂತ ಹೆಚ್ಚು ಎಣ್ಣೆ ಹಾಕಬೇಡಿ.
* ಕರಿಯುವಾಗ ಸರಿಯಾದ ಅಳತೆಯ ಮುಚ್ಚಳ ಪಕ್ಕದಲ್ಲೇ ಇರಲಿ. ಸೆರಗು ಸಿಕ್ಕಿಸಿಕೊಳ್ಳಿ.
* ಉರಿಯುವ ಬಾಣಲೆಯನ್ನು ಎತ್ತಬೇಡಿ. ಎಣ್ಣೆ ತಣ್ಣಗಾಗುವ ತನಕ ಮುಚ್ಚಳ ತೆಗೆಯಬೇಡಿ.
* ಬೆಂಕಿ ಕೈ ಮೀರಿದರೆ ಎಲ್ಲರೂ ಹೊರಗೆ ಬನ್ನಿ. 112ಕ್ಕೆ ಫೋನ್ ಮಾಡಿ.
* ಸುಟ್ಟ ಗಾಯಕ್ಕೆ ತಣ್ಣೀರು ಬಿಡಿ. ಇಂಕು, ಪೇಸ್ಟು, ಐಸು ಬೇಡ. ಬೊಬ್ಬೆ ಒಡೆಯಬೇಡಿ.
* ಮುಖ ಅಥವಾ ಕೈ ಸುಟ್ಟರೆ, ಗಾಯ ದೊಡ್ಡದಾದರೆ ಆಸ್ಪತ್ರೆಗೆ ಹೋಗಿ.

ಅತ್ತೆ ಹೇಳಿದರು, ಸೊಸೆ ಬರೆದಳು

ಹಬ್ಬದ ದಿನ ಪಾಯಸ ಮಾಡಿದರು. ಮಕ್ಕಳು ಗೊಣಗಲಿಲ್ಲ. ಊಟ ಆದ ಮೇಲೆ ಗೌರಮ್ಮ ಅಕ್ಷರ ಕಲಿತ ಪುಸ್ತಕ ತಂದಳು. "ಅತ್ತೆ, ಕಜ್ಜಾಯ ಏಕೆ ಒಡೀತು? ಹೇಳಿ, ಬರ್ಕೊಂತೀನಿ" ಎಂದಳು.

"ಪಾಕ ಎಳಸು. ಹಿಟ್ಟನ್ನ ಹಿಡಿದು ನಿಲ್ಸೋ ಶಕ್ತಿ ಅದಕ್ಕಿರ್ಲಿಲ್ಲ. ಹಿಟ್ಟಲ್ಲಿದ್ದ ನೀರೇ ನೊರೆ ಎಬ್ಬಿಸ್ತು" ಎಂದರು ಅತ್ತೆ. ಆಮೇಲೆ ಒಂದೊಂದಾಗಿ ಹೇಳಿದರು. ಗೌರಮ್ಮ ನಿಧಾನವಾಗಿ ಬರೆದಳು:

1. ಎರಡು ಪಾವು ಅಕ್ಕಿ ಒಂದು ದಿನ ನೆನೆಯಲಿ.
2. ನೀರು ಬಸಿದು, ಬಟ್ಟೆಯ ಮೇಲೆ ನೆರಳಲ್ಲಿ ಆರಲಿ. ಸ್ವಲ್ಪ ಪಸೆ ಇರುವಾಗಲೇ ಕುಟ್ಟಿ ಜರಡಿ ಹಿಡಿ.
3. ಒಂದೂವರೆ ಪಾವು ಪುಡಿ ಬೆಲ್ಲ ಪಾಕ ಮಾಡು. ಒಂದು ತೊಟ್ಟು ಪಾಕ ತಣ್ಣೀರಿಗೆ ಬಿಡು. ಮೆತ್ತನೆ ಉಂಡೆ ಆದರೆ ಪಾಕ ಸರಿ.
4. ಹಿಟ್ಟು ಬೆರೆಸಿ ಒಂದು ರಾತ್ರಿ ಬಿಡು.
5. ಬಾಳೆ ಎಲೆ ಮೇಲೆ ತಟ್ಟಿ ಸಣ್ಣ ಉರಿಯಲ್ಲಿ ಕರಿ. ಮೊದಲು ಒಂದೇ ಬಿಟ್ಟು ನೋಡು.

ಅತ್ತೆಗೆ ಓದು ಬಾರದು. ಗೌರಮ್ಮ ಬರೆದದ್ದನ್ನು ಗಟ್ಟಿಯಾಗಿ ಓದಿದಳು. ಅತ್ತೆ ಕಣ್ಣು ಮುಚ್ಚಿ ಕೇಳಿದರು.

"ಎಲ್ಲಾ ಸರಿ. ಗಸಗಸೆ ಬಿಟ್ಟಿದ್ದೀಯ" ಎಂದು ನಕ್ಕರು. "ಅದನ್ನೂ ಬರಿ. ನಾಳೆ ನನ್ನ ಹೆಸ್ರು ಬರೆಯೋದೂ ಹೇಳ್ಕೊಡು."

ಅಭ್ಯಾಸ

ಉತ್ತರ ಹೇಳಿ:
1. ಗೌರಮ್ಮ ಅವಸರದಲ್ಲಿ ಮಾಡಿದ ತಪ್ಪುಗಳು ಯಾವುವು?
2. ಅತ್ತೆ ನೀರು ಸುರಿದಿದ್ದರೆ ಏನಾಗುತ್ತಿತ್ತು?

ಬಿಟ್ಟ ಪದ ತುಂಬಿ:
1. ಎಣ್ಣೆಗೆ ಬೆಂಕಿ ಹತ್ತಿದರೆ ............ ಮುಚ್ಚಬೇಕು.
2. ಸುಟ್ಟ ಕೈಯನ್ನು ............ ನಿಮಿಷ ತಣ್ಣೀರಿಗೆ ಹಿಡಿಯಬೇಕು.

ಮಾಡಿ ನೋಡಿ: ನಿಮ್ಮ ಮನೆಯ ಹಿರಿಯರು ಮಾಡುವ ಒಂದು ಹಬ್ಬದ ಅಡುಗೆಯನ್ನು ಕೇಳಿ ಬರೆಯಿರಿ. ಅವರಿಗೇ ಓದಿ ಹೇಳಿ.