ದೀಪಾವಳಿ ಕಳೆಯಲಿ, ಆಮೇಲೆ ರೇಲಿಂಗ್

ಬಾಲ್ಕನಿಯ ಕಬ್ಬಿಣದ ರೇಲಿಂಗಿಗೆ ಮಳೆಗಾಲಕ್ಕಿಂತ ಚಳಿಗಾಲವೇ ಕೆಟ್ಟದ್ದು ಎಂದರೆ ನಮ್ಮ ಬಾಗಲೂರಿನಲ್ಲಿ ನಗುತ್ತಾರೆ. ಬೆಂಗಳೂರಿನ ದಾಖಲೆ ಚಳಿಯೇ 1884ರ ಜನವರಿಯ 7.8 ಡಿಗ್ರಿ, ಹಿಮ ಬೀಳುವ ಊರಲ್ಲ, ನಿಜ. ಆದರೆ ಪಕ್ಕದ ವಿಮಾನ ನಿಲ್ದಾಣದಲ್ಲಿ ವಿಮಾನಗಳನ್ನೇ ಕಾಯಿಸುವ ಮಂಜು ನಮ್ಮ ಮನೆಯನ್ನು ಬಿಟ್ಟೀತೇ? ಮಳೆ ಕಂಬಿಯನ್ನು ತೊಳೆದಾದರೂ ಹೋಗುತ್ತದೆ. ಇಬ್ಬನಿ ಮಾತ್ರ ಟಿಪ್ಪರ್‌ಗಳು ಎಬ್ಬಿಸಿದ ದೂಳಿನ ಮೇಲೆ ಕೂತು, ಬಿಸಿಲೇರುವವರೆಗೂ ಕದಲುವುದಿಲ್ಲ. ತುಕ್ಕಿಗೆ ಅಷ್ಟು ಸಾಕು.

ರೇಲಿಂಗಿಗೆ ಬಣ್ಣ ಹೊಡೆಸುವ ಖರ್ಚನ್ನು ನಾನು ದೀಪಾವಳಿ ಕಳೆದ ಮೇಲೇ ಇಟ್ಟುಕೊಳ್ಳುವುದು. ಹಬ್ಬಕ್ಕೆ ಮುಂಚೆ ಪೇಂಟರ್ ಸಿಗುವುದೇ ಕಷ್ಟ, ಸಿಕ್ಕರೂ ಕೂಲಿ ಜಾಸ್ತಿ. ಹಿಂಗಾರು ಮಳೆಯ ಕಾಟ ಬೇರೆ. ನವೆಂಬರ್ ಕೊನೆಗೆ ಕೂಲಿ, ಮಳೆ ಎರಡೂ ಇಳಿದಿರುತ್ತವೆ. ಬಂಗಾಳ ಕೊಲ್ಲಿಯಲ್ಲಿ ಸೈಕ್ಲೋನ್ ಎದ್ದರೆ ಮಾತು ಬೇರೆ.

ದುಡ್ಡು ಹೋಗುವುದು ಬಣ್ಣದ ಡಬ್ಬಿಗಲ್ಲ, ಉಜ್ಜುವ ಕೂಲಿಗೆ. ಅದನ್ನು ಉಳಿಸಲೆಂದೇ ‘ಮೇಲೊಂದು ಕೋಟ್ ಎಳೆದುಬಿಡ್ತೀನಿ ಸಾರ್’ ಅನ್ನುತ್ತಾರೆ. ಒಪ್ಪಬೇಡಿ. ತುಕ್ಕಿನ ಮೇಲೆ ಹಚ್ಚಿದ ಎನಾಮಲ್ ಸಿಪ್ಪೆಯಾಗಿ ಏಳುತ್ತದೆ, ಮುಂದಿನ ವರ್ಷ ಅದೇ ಕೂಲಿ ಮತ್ತೆ. ವೈರ್ ಬ್ರಷ್, ಸ್ಯಾಂಡ್ ಪೇಪರ್ ಮೊದಲು ಹೋಗಬೇಕಾದದ್ದು ವೆಲ್ಡಿಂಗ್ ಕೂಡುವ ಜಾಗಕ್ಕೆ, ಅಡ್ಡಪಟ್ಟಿಯ ತಳಕ್ಕೆ, ಕಂಬಿ ಸಿಮೆಂಟಿನೊಳಗೆ ಇಳಿಯುವ ಬುಡಕ್ಕೆ. ಬುಡವಂತೂ ಕೂತೇ ನೋಡಿ. ತುಕ್ಕು ಹಿಡಿದ ಕಬ್ಬಿಣ ಉಬ್ಬಿ ಸಿಮೆಂಟನ್ನು ಸೀಳುತ್ತದೆ. ಆಮೇಲೆ ಪೇಂಟರ್ ಜೊತೆ ವೆಲ್ಡರ್, ಗಾರೆಯವರಿಗೂ ಕೊಡಬೇಕು.

ಉಜ್ಜಿದ ಕಂಬಿಗೆ ಅವತ್ತೇ ರೆಡ್ ಆಕ್ಸೈಡ್ ಪ್ರೈಮರ್ ಬೀಳಲಿ. ರಾತ್ರಿ ಬರಿಗಬ್ಬಿಣ ಬಿಟ್ಟರೆ ಇಬ್ಬನಿ ಬಿದ್ದು ಉಜ್ಜಿದ್ದೆಲ್ಲ ದಂಡ. ಬಣ್ಣ ಹಚ್ಚುವುದು ಬಿಸಿಲೇರಿ ಕಂಬಿ ಒಣಗಿದ ಮೇಲೆ. ಮೂರು ಗಂಟೆಯ ನಂತರ ಹೊಸ ಕೋಟ್ ಬೇಡ.

‘ಸ್ಟೀಲ್ ಹಾಕಿಸಿಬಿಡಿ, ಜಂಜಾಟವೇ ಇಲ್ಲ’ ಎನ್ನುವವರು ನಮ್ಮ ಬೀದಿಯಲ್ಲೂ ಇದ್ದಾರೆ. ಹಾಕಿಸುವುದಾದರೆ ಆಯಸ್ಕಾಂತದ ಆಟಕ್ಕೆ ಮರುಳಾಗಬೇಡಿ. ಅಂಗಡಿಯವರು ‘ನೋಡಿ, ಅಂಟಲ್ಲ’ ಎಂದು ತೋರಿಸುತ್ತಾರೆ. 304 ಗ್ರೇಡಿಗೂ ಅಂಟುವುದಿಲ್ಲ, ಅಗ್ಗದ 202ಕ್ಕೂ ಅಂಟುವುದಿಲ್ಲ. ವ್ಯತ್ಯಾಸ ಇರುವುದು ನಿಕ್ಕಲ್‌ನಲ್ಲಿ: 304ರಲ್ಲಿ ಶೇ 8ರಷ್ಟು, 202ರಲ್ಲಿ ಅದಕ್ಕಿಂತ ಕಡಿಮೆ, ಕೊರತೆಗೆ ಮ್ಯಾಂಗನೀಸ್. ಹೊರಗಿನ ತೇವಕ್ಕೆ 202 ಬೇಗ ಕಲೆಗಟ್ಟುತ್ತದೆ. ಗ್ರೇಡನ್ನು ಬಿಲ್ಲಿನಲ್ಲೇ ಬರೆಸಿ. ಬರೆದುಕೊಡಲು ಹಿಂದೆಮುಂದೆ ನೋಡಿದರೆ ಅಡ್ವಾನ್ಸ್ ಕೊಡಬೇಡಿ.