ಕಡೆಯುವ ಕೈ

ವಿಜಯಪುರ ಜಿಲ್ಲೆಯ ಕೊಲ್ಹಾರದ ಹೆಸರು ಕೇಳಿದೊಡನೆ ಆ ಸೀಮೆಯವರ ನೆನಪಿಗೆ ಬರುವುದು ಮಣ್ಣಿನ ಗಡಿಗೆಯಲ್ಲಿ ಹೆಪ್ಪುಗಟ್ಟಿದ ಗಟ್ಟಿ ಮೊಸರು. ಕೃಷ್ಣೆಯ ದಡದ ಹಳೆಯ ಊರು ಆಲಮಟ್ಟಿ ಜಲಾಶಯದ ಹಿನ್ನೀರಿನಲ್ಲಿ ಮುಳುಗಿತು. ಜನರು ಎತ್ತರದ ನೆಲಕ್ಕೆ ಬಂದು ಹೊಸ ಊರು ಕಟ್ಟಿಕೊಂಡರು. ಮೊಸರಿನ ಹೆಸರು ಮಾತ್ರ ಮುಳುಗಲಿಲ್ಲ.

ಮೊಸರಿದ್ದ ಮನೆಯಲ್ಲಿ ಕಡಗೋಲು ಇರುತ್ತಿತ್ತು. ಕಂಬಕ್ಕೆ ಆನಿಸಿದ ಕಡಗೋಲಿಗೆ ಹಗ್ಗ ಸುತ್ತಿ, ಅದರ ಎರಡು ತುದಿಗಳನ್ನು ಒಂದಾದ ಮೇಲೊಂದರಂತೆ ಎಳೆದರೆ ಕೋಲು ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ ತಿರುಗುತ್ತದೆ. ಈ ಕೆಲಸಕ್ಕೆ ಕನ್ನಡದಲ್ಲಿ ‘ಕಡೆ’ ಎಂಬ ಧಾತು ಉಂಟು. ತಿರುಗುವ ಮರದ ತುಂಡಿಗೆ ಉಳಿ ಹಿಡಿದು ಅದನ್ನು ದುಂಡಾಗಿಸುವ ಕೆಲಸಕ್ಕೂ ಸಲ್ಲುವುದು ಅದೇ ಧಾತು. ಇದರಲ್ಲಿ ಸೋಜಿಗವೇನೂ ಇಲ್ಲ. ಹಿಂದಿನ ಕಡಚಲು ಯಂತ್ರವೂ ಮಲಗಿಸಿದ ಕಡಗೋಲಿನಂತೆಯೇ ಇತ್ತು. ಎರಡು ಮೊನೆಗಳ ನಡುವೆ ಮರದ ತುಂಡು. ಅದಕ್ಕೆ ಸುತ್ತಿದ ಹಗ್ಗ, ಇಲ್ಲವೆ ಬಿಲ್ಲಿನ ಹೆದೆ. ಮರ ಕಸಬುದಾರನ ಕಡೆಗೆ ತಿರುಗಿದಾಗ ಮಾತ್ರ ಉಳಿಗೆ ಕೆಲಸ. ಅದು ಮರಳಿ ತಿರುಗುವಾಗ ಉಳಿ ಸುಮ್ಮನಿರಬೇಕು. ಲಕ್ಕುಂಡಿಯ, ಇಟಗಿಯ ಚಾಲುಕ್ಯ ಗುಡಿಗಳಲ್ಲಿ ಬಳಪದ ಕಲ್ಲಿನ ಕಂಬಗಳ ನುಣುಪಾದ ಬಳೆಗಳನ್ನು ಕಂಡವರಿಗೆ, ನಮ್ಮ ಹಿರಿಯರು ಕಲ್ಲನ್ನೂ ಕಡೆದರೆಂಬುದು ತಿಳಿಯುತ್ತದೆ.

ಮರ ಕಡೆಯುವ ಕಸಬಿಗೆ ಇಂದು ಕರ್ನಾಟಕದಲ್ಲಿ ಹೆಸರಾದ ಊರು ಚನ್ನಪಟ್ಟಣ. 2005-06ರ ಸಾಲಿನಲ್ಲಿ ಅಲ್ಲಿನ ಆಟಿಕೆಗಳಿಗೆ ಭೌಗೋಳಿಕ ಸೂಚಿಕೆಯ ಮನ್ನಣೆ ದೊರೆಯಿತು. ಹಾಲಿನಂತೆ ಬೆಳ್ಳಗಿರುವ ಹಾಲೆಮರ ಅಲ್ಲಿ ಗಿಲಕಿಯಾಗುತ್ತದೆ, ಬುಗುರಿಯಾಗುತ್ತದೆ, ಮಗುವಿನ ಕೈಯ ಗೊಂಬೆಯಾಗುತ್ತದೆ. ಹಗ್ಗದ ಬದಲು ಈಗ ವಿದ್ಯುತ್ತಿನ ಲೇತ್ ಬಂದಿದೆ. ಆದರೆ ಕೈ ಕಲಿಯಬೇಕಾದ ಪಾಠ ಬದಲಾಗಿಲ್ಲ.

ಮರ ಕಡೆಯುವವರ ಉಳಿಗಳಲ್ಲಿ ಓರೆಬಾಯಿಯ ಚಪ್ಪಟೆ ಉಳಿಯಷ್ಟು ಸರಳವಾದುದು ಇನ್ನೊಂದಿಲ್ಲ. ಅದರಷ್ಟು ಹಟಮಾರಿಯಾದುದೂ ಇಲ್ಲ. ಅದರ ಬಾಯಿ ಅಡ್ಡಕ್ಕೆ ನೇರವಾಗಿರದೆ ಓರೆಯಾಗಿದೆ. ಹೀಗಾಗಿ ಒಂದು ತುದಿ ಚೂಪಾಗಿ ಮುಂದೆ ಚಾಚುತ್ತದೆ, ಇನ್ನೊಂದು ಹಿಂದುಳಿಯುತ್ತದೆ. ಎರಡು ಪಕ್ಕೆಗಳನ್ನೂ ಇಳಿಜಾರಾಗಿ ಸಾಣೆ ಹಿಡಿದಿರುತ್ತಾರೆ. ಕಲಿಯಲು ಬಂದವರ ಕೈಗೆ ಇದನ್ನು ಕೊಟ್ಟರೆ ಮೊದಲು ಅವರು ಮಾಡುವುದು ಬಲವಾಗಿ ಒತ್ತುವುದು. ಒತ್ತಿದೊಡನೆ ಮರ ಉಳಿಯನ್ನು ಕಚ್ಚುತ್ತದೆ. ‘ಟಪ್’ ಎಂಬ ಸದ್ದು. ಕೈಗೆ ಜಗ್ಗಿದ ಅನುಭವ. ಯಂತ್ರ ನಿಲ್ಲಿಸಿ ನೋಡಿದರೆ, ದುಂಡಾಗಿದ್ದ ಮರದ ಮೈಮೇಲೆ ಹಾವಿನಂತೆ ಸುತ್ತಿದ ಆಳವಾದ ಗಾಯ. ಒಂದು ಗಂಟೆಯ ದುಡಿಮೆ ಒಂದು ಕ್ಷಣದಲ್ಲಿ ಹಾಳು.

ಹೀಗೇಕಾಗುತ್ತದೆ? 5 ಸೆಂಟಿಮೀಟರ್ ಅಡ್ಡಳತೆಯ ಮರ ನಿಮಿಷಕ್ಕೆ 1000 ಸುತ್ತು ತಿರುಗಿದರೆ, ಆ ಒಂದು ನಿಮಿಷದಲ್ಲಿ ಸುಮಾರು 157 ಮೀಟರ್ ಮರ ಉಳಿಯ ಬಾಯಿಯ ಮುಂದೆ ಹಾದುಹೋಗುತ್ತದೆ. ಅದರ ನೂಕು ಕೆಳಮುಖವಾಗಿರುತ್ತದೆ. ಬಾಯಿಯ ಕೆಳಭಾಗದಲ್ಲಿ ಕತ್ತರಿಸಿದರೆ ಆ ನೂಕನ್ನು ಉಳಿಯ ಕೆಳಗಿನ ಕಬ್ಬಿಣದ ಆಸರೆಪಟ್ಟಿ ಹೊರುತ್ತದೆ. ಮೇಲಿನ ಚೂಪು ತುದಿ ಮರಕ್ಕೆ ತಾಗಿತೋ, ಅದರ ಕೆಳಗೆ ಆಸರೆ ಇಲ್ಲ. ಉಳಿಯೇ ಸನ್ನೆಕೋಲಾಗಿ ತಿರುಚಿಕೊಂಡು ಮರದೊಳಗೆ ನುಗ್ಗುತ್ತದೆ. ಇಲ್ಲಿ ತೋಳಿನ ಬಲ ಕೆಲಸಕ್ಕೆ ಬಾರದು.

ಆದುದರಿಂದ ಉಳಿಯ ಬಾಯಿಯನ್ನು ಮೊದಲೇ ಮರಕ್ಕೆ ತಾಗಿಸುವುದಿಲ್ಲ. ಸಾಣೆ ಹಿಡಿದ ಇಳಿಜಾರು ಮೈಯನ್ನು ತಿರುಗುವ ಮರದ ಮೇಲೆ ಒರಗಿಸುತ್ತಾರೆ. ಆಗ ಅದು ಉಜ್ಜುತ್ತದೆಯೇ ಹೊರತು ಕತ್ತರಿಸುವುದಿಲ್ಲ. ಬಳಿಕ ಹಿಡಿಯನ್ನು ಕೂದಲೆಳೆಯಷ್ಟು, ಇನ್ನೊಂದು ಕೂದಲೆಳೆಯಷ್ಟು ಮೇಲೆತ್ತುತ್ತಾರೆ. ಎಲ್ಲೋ ಒಂದೆಡೆ ಬಾಯಿ ಮರವನ್ನು ಹಿಡಿಯುತ್ತದೆ. ತೆಳುವಾದ ಸಿಪ್ಪೆ ಸುರುಳಿಸುರುಳಿಯಾಗಿ ಮೇಲೇಳುತ್ತದೆ. ಆ ಎಡೆ ಯಾವುದೆಂದು ಯಾವ ಪುಸ್ತಕವೂ ಹೇಳಲಾರದು. ಕಿವಿ ಹೇಳುತ್ತದೆ: ಒರಟು ಕೆರೆತದ ಸದ್ದು ಹೋಗಿ, ಹೊಸ ಬಟ್ಟೆ ಹರಿದಂತೆ ‘ಸರ್ರ್’ ಎಂಬ ಸದ್ದು ಬರುತ್ತದೆ. ದಪ್ಪವಿದ್ದೆಡೆಯಿಂದ ಸಣ್ಣವಿದ್ದೆಡೆಗೆ ಸಾಗಬೇಕೆಂಬ ನಿಯಮವೂ ಉಂಟು. ಎತ್ತಿನ ಮೈಯನ್ನು ಕೂದಲಿನ ಗುಂಟ ಸವರಿದಂತೆ ಅದು. ಎದುರು ಸವರಿದರೆ ಮರದ ನಾರು ಎದ್ದು ನಿಲ್ಲುತ್ತದೆ. ಸಡಿಲ ತೋಳಿನ ಅಂಗಿ, ಕಟ್ಟದ ಜಡೆ, ಇವುಗಳೊಡನೆ ಯಂತ್ರದ ಬಳಿ ಸುಳಿಯಲೇಬಾರದು.

ಇಷ್ಟೆಲ್ಲ ಪಾಡೇಕೆ, ಕೆರೆದು ಉಜ್ಜುಕಾಗದ ಹಾಕಿದರಾಗದೇ ಎಂದು ಕೇಳುವವರುಂಟು. ಆಗುತ್ತದೆ. ಆದರೆ ಕೆರೆದ ಮರದಿಂದ ಉದುರುವುದು ಹೊಟ್ಟು. ನಾರುಗಳು ಹರಿದಿರುತ್ತವೆ, ಎಷ್ಟು ಉಜ್ಜಿದರೂ ಅಂಚುಗಳ ಚೂಪು ಮಾಸುತ್ತದೆ. ಚೊಕ್ಕವಾಗಿ ಕತ್ತರಿಸಿದ ಮರಕ್ಕೆ ತನ್ನದೇ ಹೊಳಪಿದೆ. ಅರಗಿನ ಬಣ್ಣ ಒಳಗಿನ ಒರಟನ್ನು ಮುಚ್ಚುವುದಿಲ್ಲ, ಎತ್ತಿ ತೋರಿಸುತ್ತದೆ.

ಕೆಲವು ವಾರಗಳ ಕಾಲ ಕಲಿಯುವವರು ಕಡೆಯುವುದು ಬರಿಯ ದುಂಡು ಕೋಲುಗಳನ್ನು. ಹಾಳಾದ ಕೋಲುಗಳು ಒಲೆ ಸೇರುತ್ತವೆ. ಅನಂತರ ಚೂಪು ತುದಿಯಿಂದ ಗೆರೆ ಕೊರೆಯುವುದು, ಆಮೇಲೆ ಎರಡು ಗೆರೆಗಳ ನಡುವೆ ಉಳಿಯನ್ನು ಹೊರಳಿಸಿ ಮಣಿಯೊಂದನ್ನು ಮೂಡಿಸುವುದು. ಮಣಿ ಮೂಡುವ ಹೊತ್ತಿಗೆ ಹಿಡಿಯನ್ನು ಬಿಗಿಹಿಡಿಯುತ್ತಿದ್ದ ಬೆರಳುಗಳು ತಾವಾಗಿ ಸಡಿಲಗೊಂಡಿರುತ್ತವೆ.

ಬಣ್ಣ ಕಲಸಿದ ಅರಗಿನ ಕಡ್ಡಿಯನ್ನು ತಿರುಗುವ ಮಣಿಗೆ ಒತ್ತಿದಾಗ, ತಿಕ್ಕಾಟದ ಕಾವಿಗೇ ಅರಗು ಕರಗಿ ಹರಡುತ್ತದೆ. ಕೇದಗೆಯ ಗರಿಯಿಂದ ಉಜ್ಜಿದರೆ ಅದು ಕನ್ನಡಿಯಂತೆ ಹೊಳೆಯುತ್ತದೆ. ಕೊನೆಗೆ ಮತ್ತೆ ಓರೆಬಾಯಿಯ ಉಳಿ. ಚೂಪು ತುದಿ ಬುಡವನ್ನು ನೂಲಿನಷ್ಟಕ್ಕೆ ಇಳಿಸುತ್ತದೆ. ನೂಲು ಕಡಿಯುತ್ತಲೇ, ಇನ್ನೂ ಬೆಚ್ಚಗಿರುವ ಗೊಂಬೆ ಎಡಗೈಯ ಬೊಗಸೆಗೆ ಬಂದು ಬೀಳುತ್ತದೆ.